ಕಪ್ಪು ಅಕ್ಷರಕ್ಕೆ ಬಣ್ಣದ ನೆರಳು

ನಮ್ಮದು ಮೂರೇ ಜನರ ಡಿಸೈನ್ ಸ್ಟುಡಿಯೋ. ಕಳೆದ ವಾರ ಒಂದು ಕಿರುಹೊತ್ತಿಗೆಯ ಪ್ರೂಫ್ (ಅಚ್ಚಿಗೆ ಮುಂಚಿನ ಮಾದರಿ ಪ್ರತಿ) ಬಂತು. ನೋಡಿದರೆ ಸಣ್ಣ ಅಕ್ಷರಗಳ ಅಂಚಿಗೆಲ್ಲ ಕೆಂಪು, ನೀಲಿ ನೆರಳು. ಒತ್ತಕ್ಷರಗಳಂತೂ ಕಲಸಿಹೋಗಿದ್ದವು. ತಪ್ಪು ಪ್ರೆಸ್‌ನವರದೇ ಅಂತ ಫೋನ್ ಕೈಗೆತ್ತಿಕೊಂಡಿದ್ದೆ. ಸದ್ಯ, ಮಾಡಲಿಲ್ಲ!

ಪುಟ ವಿನ್ಯಾಸದ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ, ಒಂದೊಂದು ಇಂಕಿನ ಪ್ಲೇಟನ್ನೂ ಬೇರೆಬೇರೆಯಾಗಿ ತೋರಿಸುವ ಸೆಪರೇಷನ್ಸ್ ಪ್ರಿವ್ಯೂ ತೆರೆದು ಕಪ್ಪು ಪ್ಲೇಟ್ ಆಫ್ ಮಾಡಿದೆ. ಬರೀ ಕಪ್ಪು ಇಂಕಿದ್ದಿದ್ದರೆ ಅಕ್ಷರ ಪೂರ್ತಿ ಮಾಯವಾಗಬೇಕಿತ್ತು. ಆದರೆ ಮಂಕಾಗಿ ಅಲ್ಲೇ ಕೂತಿತ್ತು. ಸ್ಕ್ರೀನ್‌ಗೆ ಅಂತ ಮಾಡಿದ್ದ ಆರ್‌ಜಿಬಿ (ಕೆಂಪು, ಹಸಿರು, ನೀಲಿ ಬೆಳಕಿನ ಲೆಕ್ಕದ) ಕಪ್ಪನ್ನೇ ನಾನು ತಂದು ಹಾಕಿದ್ದೆ. ಅದು ಅಚ್ಚಿನ ನಾಲ್ಕು ಇಂಕುಗಳ ಸಿಎಂವೈಕೆಗೆ ಬದಲಾದಾಗ, ಶೇಕಡಾ ಲೆಕ್ಕದಲ್ಲಿ, ಸಯಾನ್ (ಹಸಿರು ಮಿಶ್ರಿತ ನೀಲಿ) 75, ಮಜೆಂಟಾ (ನೇರಳೆಗೆಂಪು) 68, ಹಳದಿ 67, ಕಪ್ಪು 90 ಆಗಿತ್ತು. ಒಟ್ಟು 300% ಇಂಕು! ಪ್ಲೇಟ್‌ಗಳು ಕೂದಲೆಳೆಯಷ್ಟು ಸರಿದರೂ ಸಣ್ಣ ಅಕ್ಷರ ಕೆಡುತ್ತದೆ, ಅಲ್ವಾ?

ಅಕ್ಷರಗಳ ರೂಪ, ಬಣ್ಣವನ್ನು ಒಂದೇ ಕಡೆ ನಿಗದಿಮಾಡುವ ಪ್ಯಾರಾಗ್ರಾಫ್ ಸ್ಟೈಲ್‌ನಲ್ಲಿ ಬರೀ ಕಪ್ಪು 100%, ಉಳಿದದ್ದು ಸೊನ್ನೆ ಅಂತ ಬದಲಿಸಿ ಓವರ್‌ಪ್ರಿಂಟ್ (ಕೆಳಗಿನ ಬಣ್ಣದ ಮೇಲೆಯೇ ಕಪ್ಪು ಅಚ್ಚಾಗುವ ಆಯ್ಕೆ) ಆನ್ ಮಾಡಿದೆ. ಎರಡು ನಿಮಿಷದ ಕೆಲಸ. ಆದರೆ ಸ್ಟೈಲ್ ಬಳಸದೆ ಸುಮ್ನೆ ಬಣ್ಣ ಹಾಕಿದ್ದ ಚಿತ್ರ ವಿವರಣೆಗಳನ್ನು ಹುಡುಕಿ ಸರಿಪಡಿಸುವಷ್ಟರಲ್ಲಿ ಸಂಜೆಯಾಯಿತು. ಮುಖಪುಟದ ದೊಡ್ಡ ಕಪ್ಪು ಹಿನ್ನೆಲೆಯನ್ನು ಮಾತ್ರ ನಾಲ್ಕು ಇಂಕಿನಲ್ಲೇ ಬಿಟ್ಟೆ. ಅಲ್ಲಿ ಬರೀ ಕಪ್ಪು ಹಾಕಿದರೆ ಬೂದುಬೂದಾಗಿ ಕಾಣುತ್ತದೆ.

ನಿನ್ನೆ ಎರಡನೇ ಪ್ರೂಫ್ ಬಂತು. ಒತ್ತುಗಳು ಚೊಕ್ಕವಾಗಿವೆ.