ಐನೂರು ಅಡಿಯಲ್ಲಿ ನಾನು ತೆಗೆದುಕೊಳ್ಳದ ನಿರ್ಧಾರ

ಪೈಲಟ್ ತರಬೇತಿಯ ದಿನಗಳಲ್ಲಿ, ಸೆಸ್ನಾ 172 ಎಂಬ ಸಣ್ಣ ವಿಮಾನದಲ್ಲಿ ಒಬ್ಬನೇ ಹಾರುತ್ತಿದ್ದಾಗ, ಇಳಿಯುವ ಹೊತ್ತಿನಲ್ಲಿ ನಾನು ಅಪಘಾತ ಮಾಡಿಕೊಂಡೆ. ಎಂಜಿನ್ ಸರಿಯಾಗಿತ್ತು, ಆಕಾಶ ತಿಳಿಯಾಗಿತ್ತು. ತಪ್ಪು ಪೂರ್ತಿ ನನ್ನದೇ.

ರನ್‌ವೇಗೆ ಅಡ್ಡಲಾಗಿ ಹಾರುವ ಬೇಸ್ ಲೆಗ್‌ನಿಂದ ತಡವಾಗಿ ತಿರುಗಿದ್ದರಿಂದ, ರನ್‌ವೇಯ ನೇರಕ್ಕೆ ಇಳಿದು ಬರುವ ಕೊನೆಯ ಹಂತವಾದ ಫೈನಲ್‌ಗೆ ಬರುವಷ್ಟರಲ್ಲಿ ರನ್‌ವೇಯ ನೇರ ತಪ್ಪಿತ್ತು, ಎತ್ತರವೂ ಹೆಚ್ಚಾಗಿತ್ತು. ರನ್‌ವೇ ಪಕ್ಕದ ಸೂಚಕ ದೀಪಗಳಲ್ಲಿ ಎರಡು ಬಿಳಿ, ಎರಡು ಕೆಂಪು ಕಾಣಬೇಕಿದ್ದಲ್ಲಿ ನಾಲ್ಕೂ ಬಿಳಿಯಾಗಿದ್ದವು. ಮೂತಿಯನ್ನು ತಗ್ಗಿಸಿದೆ, ಎತ್ತರ ಇಳಿಯಿತು, ಆದರೆ 65 ನಾಟ್ ಇರಬೇಕಾದ ವೇಗ 75ಕ್ಕೆ ಏರಿತು. ಹತ್ತು ನಾಟ್ ಎಂದರೆ ಕೇಳುವುದಕ್ಕೆ ಅಲ್ಪ, ಆದರೆ ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ನೆಲ ಮುಟ್ಟುವ ಮೊದಲು ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು ಮೂರನೇ ಒಂದು ಪಾಲು ಹೆಚ್ಚಾಗಿತ್ತು. ಐನೂರು ಅಡಿ ಎತ್ತರದಲ್ಲೇ ಗೋ ಅರೌಂಡ್ ಮಾಡಬೇಕಿತ್ತು, ಅಂದರೆ ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಬೇಕಿತ್ತು. ಇನ್ನೇನು ಸರಿಹೋಗುತ್ತದೆ ಎಂದುಕೊಂಡು ಮುಂದುವರಿದೆ.

ನೆಲ ಮುಟ್ಟುವ ಮುನ್ನ ಮೂತಿ ಎತ್ತಿ ಫ್ಲೇರ್ ಮಾಡಿದಾಗ ವಿಮಾನ ಕೂರಲಿಲ್ಲ, ರನ್‌ವೇಯ ಮೇಲೆ ತೇಲುತ್ತಲೇ ಹೋಯಿತು. ಉಳಿದ ರನ್‌ವೇ ಕರಗುತ್ತಿರುವುದನ್ನು ಕಂಡು ಗಾಬರಿಯಿಂದ ಯೋಕನ್ನು (ಮೂತಿಯನ್ನು ಏರಿಳಿಸುವ ಹಿಡಿಕೆಯನ್ನು) ಮುಂದಕ್ಕೆ ಒತ್ತಿದೆ. ಮುಂದಿನ ಚಕ್ರವೇ ಮೊದಲು ಬಡಿದು ವಿಮಾನ ಪುಟಿಯಿತು. ಆಗಲಾದರೂ ಪೂರ್ತಿ ಥ್ರಾಟಲ್ ಕೊಟ್ಟು, ಎಂಜಿನ್ನಿನ ಪೂರ್ಣ ಬಲದಲ್ಲಿ ಮೇಲೇರಬಹುದಿತ್ತು, ನಾನು ಮತ್ತೆ ಒತ್ತಿದೆ. ಎರಡನೆಯ ಪುಟಿತ ಮೊದಲಿನದಕ್ಕಿಂತ ಜೋರಾಗಿತ್ತು. ಮೂರನೆಯ ಸಲ ಮುಂಚಕ್ರದ ಕಾಲು ಮುರಿದು, ಪ್ರೊಪೆಲರ್ ಡಾಂಬರಿಗೆ ತಾಗಿ ಎಂಜಿನ್ ನಿಂತಿತು. ಇಂಧನ ಮತ್ತು ಮಾಸ್ಟರ್ ಸ್ವಿಚ್ ಬಂದ್ ಮಾಡಿ ಇಳಿದು ನೋಡಿದರೆ, ಪ್ರೊಪೆಲರ್ ತುದಿಗಳು ಹಿಂದಕ್ಕೆ ಮಡಚಿಕೊಂಡಿದ್ದವು. ಅದು ಕೊರೆದ ಗೀರುಗಳು ರನ್‌ವೇಯ ಮೇಲೆ ಒಂದರ ಹಿಂದೊಂದು ಸಾಲಾಗಿ ಮೂಡಿದ್ದವು. ನನಗೆ ಗಾಯವಾಗಿರಲಿಲ್ಲ.

2010ರ ಮೇ 22ರಂದು ಮಂಗಳೂರಿನಲ್ಲಿ 158 ಜನರನ್ನು ಬಲಿ ತೆಗೆದುಕೊಂಡ ವಿಮಾನ ದುರಂತದ ತನಿಖಾ ವರದಿಯನ್ನು ನಾನು ಗಮನವಿಟ್ಟು ಓದಿದ್ದು ಇದಾದ ಮೇಲೆಯೇ. ಆ ವಿಮಾನ ದೊಡ್ಡದು, ಸನ್ನಿವೇಶವೂ ಬೇರೆ; ಆದರೂ ಅಸ್ಥಿರವಾದ ಇಳಿಕೆಯನ್ನು ಕೈಬಿಡದೆ ಮುಂದುವರಿಸಿದ್ದನ್ನೇ ತನಿಖೆ ನೇರ ಕಾರಣವೆಂದು ಹೇಳಿತ್ತು. ಸಹ ಪೈಲಟ್ ಗೋ ಅರೌಂಡ್ ಎಂದು ಎಚ್ಚರಿಸಿದ್ದರು. ನನ್ನ ಪಕ್ಕದಲ್ಲಿ ಹಾಗೆ ಹೇಳುವವರು ಯಾರೂ ಇರಲಿಲ್ಲ, ಹಾಗಾಗಿ ಆ ಮಾತನ್ನು ನಾನೇ ಆಡಿಕೊಳ್ಳುವುದನ್ನು ಕಲಿತೆ.

ಈಗ ಐನೂರು ಅಡಿಗೆ ಬಂದಾಗ "ವೇಗ, ಇಳಿಜಾರು, ನೇರ" ಎಂದು ಗಟ್ಟಿಯಾಗಿ ಹೇಳುತ್ತೇನೆ. ಮೂರರಲ್ಲಿ ಒಂದು ಸರಿಯಿಲ್ಲದಿದ್ದರೂ ಪೂರ್ತಿ ಥ್ರಾಟಲ್ ಕೊಟ್ಟು, ಮೂತಿ ಎತ್ತಿ, ರೆಕ್ಕೆಯ ಹಿಂಬದಿಯ ಫ್ಲಾಪನ್ನು 20 ಡಿಗ್ರಿಗೆ ತರುತ್ತೇನೆ. ಅಪಘಾತದ ನಂತರದ ಮೊದಲ ಸೋಲೋದಲ್ಲಿ, ಅಂದರೆ ಒಬ್ಬನೇ ಹಾರಿದಾಗ, ಎರಡು ಸಲ ಹೀಗೆ ಮೇಲೇರಿ, ಮೂರನೆಯ ಸಲ ಇಳಿದೆ.