ಬಳ್ಳಾರಿ ಸೀಮೆಯಿಂದ ಹೊರಟು ಮೊದಲ ಬಾರಿಗೆ ಸ್ನೋಬೋರ್ಡ್ ಕಲಿಯುವವರಿಗೆ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯಿಂದ ಚಳಿಗಾಲದಲ್ಲಿ ಕಾಶ್ಮೀರಕ್ಕೆ ಪ್ರವಾಸ ಹೋಗುವವರಲ್ಲಿ ಕೆಲವರಾದರೂ ಹಿಮದಲ್ಲಿ ಫೋಟೊ ತೆಗೆಸಿಕೊಂಡು ಮರಳುವುದಕ್ಕೆ ತೃಪ್ತರಾಗದೆ, ಎರಡೂ ಪಾದಗಳನ್ನು ಒಂದೇ ಹಲಗೆಗೆ ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಸ್ನೋಬೋರ್ಡ್ ಆಟವನ್ನು ಕಲಿತೇ ಬರಬೇಕೆಂದು ಬಯಸುತ್ತಾರೆ. ಅಂಥವರು ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಜಾರುವುದಕ್ಕೆ ವಿಶೇಷ ಕಲಿಕೆಯೇನೂ ಬೇಕಿಲ್ಲ, ಇಳಿಜಾರು ಆ ಕೆಲಸವನ್ನು ತಾನೇ ಮಾಡುತ್ತದೆ. ಕಲಿಯಬೇಕಾದದ್ದು ಬೇಕಾದ ಜಾಗದಲ್ಲಿ ನಿಲ್ಲುವುದನ್ನು, ಮತ್ತು ಅದು ಸಾಧ್ಯವಾಗುವುದು ಬೋರ್ಡಿನ ಅಂಚಿನಿಂದ. ಮೊದಲ ಎರಡು ದಿನಗಳನ್ನು ಅಂಚಿನ ಅಭ್ಯಾಸಕ್ಕೆ ಮೀಸಲಿಟ್ಟವರು ಮೂರನೆಯ ದಿನ ಸಂತೋಷದಿಂದ ಇಳಿಯುತ್ತಾರೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಾಶ್ಮೀರದ ಗಿರಿಧಾಮವಾದ ಗುಲ್ಮಾರ್ಗ್‌ನಲ್ಲಿ ಸಾಮಾನ್ಯವಾಗಿ ಡಿಸೆಂಬರ್ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಜಾರಲು ತಕ್ಕ ಹಿಮವಿರುತ್ತದೆ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ಮುಗಿಸಿಕೊಂಡು ಹೊರಟರೂ ಒಳ್ಳೆಯ ಹಿಮವೇ ಸಿಗುತ್ತದೆ. ರಾಯಚೂರಿನವರು ತಮ್ಮೂರಿನಲ್ಲೇ, ಬಳ್ಳಾರಿಯವರು ಗುಂತಕಲ್ಲಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದೆಹಲಿ ಸೇರಿ, ಅಲ್ಲಿಂದ ವಿಮಾನದಲ್ಲಿ ಶ್ರೀನಗರಕ್ಕೂ, ನಂತರ ತಂಗ್‌ಮಾರ್ಗ್ ಮೂಲಕ ಸುಮಾರು 50 ಕಿಲೋಮೀಟರ್ ರಸ್ತೆಯಲ್ಲಿ ಗುಲ್ಮಾರ್ಗ್‌ಗೂ ಹೋಗಬಹುದು. ನಮ್ಮ ಊರುಗಳು ಸಮುದ್ರಮಟ್ಟದಿಂದ ಸುಮಾರು 400ರಿಂದ 550 ಮೀಟರ್ ಎತ್ತರದಲ್ಲಿದ್ದರೆ ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಆದ್ದರಿಂದ ತಲುಪಿದ ದಿನ ಬೋರ್ಡ್ ಮುಟ್ಟದೆ, ಬಾಯಾರಿಕೆ ಇಲ್ಲದಿದ್ದರೂ ನೀರು ಕುಡಿಯುತ್ತ ವಿಶ್ರಾಂತಿ ಪಡೆಯುವುದು ಲೇಸು. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲವಾದ್ದರಿಂದ ಗುಂಪಿನಲ್ಲಿ ಒಬ್ಬರ ಬಳಿಯಾದರೂ ಪೋಸ್ಟ್‌ಪೇಯ್ಡ್ ಸಂಪರ್ಕವಿರಲಿ. ಕಲಿಕೆಗೆ ಕನಿಷ್ಠ ನಾಲ್ಕು ದಿನಗಳನ್ನು ಬೇರೆ ಯಾವ ಕಾರ್ಯಕ್ರಮವೂ ಇಲ್ಲದಂತೆ ಬಿಡಿಸಿಕೊಳ್ಳಿ. ಗಂಟೆಯ ಲೆಕ್ಕದಲ್ಲಿ ಬೋರ್ಡ್ ಬಾಡಿಗೆಗೆ ಪಡೆದು ಯಾರದೋ ಕೈ ಹಿಡಿದು ನಾಲ್ಕು ಮಾರು ಜಾರಿದರೆ ಅದು ಕಲಿಕೆಯಾಗುವುದಿಲ್ಲ.

ಹೊರಡುವ ಒಂದೆರಡು ತಿಂಗಳ ಮುಂಚೆಯೇ ಕಾಲುಗಳನ್ನು ಸಿದ್ಧಗೊಳಿಸಬೇಕು. ಬಳ್ಳಾರಿಯವರಿಗೆ ಕೋಟೆ ಗುಡ್ಡವಿದೆ, ರಾಯಚೂರಿನವರಿಗೂ ಕೋಟೆ ಬೆಟ್ಟವಿದೆ, ಕೊಪ್ಪಳ ಗಂಗಾವತಿಯ ಕಡೆಯವರಿಗೆ 575 ಮೆಟ್ಟಿಲುಗಳ ಅಂಜನಾದ್ರಿಯಿದೆ. ಹತ್ತುವುದರಿಂದ ಉಸಿರಿನ ಶಕ್ತಿ ಹೆಚ್ಚುತ್ತದೆ ನಿಜ, ಆದರೆ ಸ್ನೋಬೋರ್ಡಿಗೆ ಹೆಚ್ಚು ಉಪಯೋಗವಾಗುವುದು ನಿಧಾನವಾಗಿ, ಮೊಣಕಾಲನ್ನು ಸ್ವಲ್ಪ ಬಗ್ಗಿಸಿಕೊಂಡು ಇಳಿಯುವ ಅಭ್ಯಾಸ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ದೇಹದ ಭಾರವನ್ನು ತಡೆಯಬೇಕಾಗುತ್ತದೆ. ಹಿಮದ ಮೇಲೆ ಇಡೀ ದಿನ ಅದು ಮಾಡಬೇಕಾದ ಕೆಲಸವೂ ಇದೇ. ಇದರ ಜೊತೆಗೆ ಕುಕ್ಕರಗಾಲಿನಲ್ಲಿ ಕೂತು ಕೈ ಊರದೆ ಏಳುವುದನ್ನೂ, ತುದಿಗಾಲಿನಲ್ಲಿ ನಿಲ್ಲುವುದನ್ನೂ ದಿನವೂ ಮಾಡಬೇಕು. ಮೊದಲ ದಿನದ ಅರ್ಧ ಶಕ್ತಿ ಬಿದ್ದಲ್ಲಿಂದ ಏಳುವುದಕ್ಕೇ ಹೋಗುವುದರಿಂದ ಈ ಅಭ್ಯಾಸ ವ್ಯರ್ಥವಾಗುವುದಿಲ್ಲ.

ಬಟ್ಟೆಯ ವಿಷಯದಲ್ಲಿ ನಮ್ಮವರಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಬಳ್ಳಾರಿಯ ಜೀನ್ಸ್ ದೇಶದ ಅನೇಕ ಮಾರುಕಟ್ಟೆಗಳಿಗೆ ಹೋಗುತ್ತದೆ, ಅದರ ಬಗ್ಗೆ ನಮಗೆ ಹೆಮ್ಮೆಯೂ ಇದೆ, ಆದರೆ ಹಿಮದ ಇಳಿಜಾರಿಗೆ ಅದನ್ನು ತೊಡಬಾರದು. ಡೆನಿಮ್ ಹತ್ತಿಯ ಬಟ್ಟೆಯಾದ್ದರಿಂದ ಕರಗಿದ ಹಿಮವನ್ನು ಹೀರಿಕೊಂಡು ಭಾರವಾಗುತ್ತದೆ, ಬೇಗ ಒಣಗದೆ ಮೈಯ ಬಿಸಿಯನ್ನು ಸೆಳೆದುಕೊಳ್ಳುತ್ತದೆ. ಮೈಗೆ ತಾಗುವಂತೆ ಉಣ್ಣೆಯ ಅಥವಾ ಪಾಲಿಯೆಸ್ಟರಿನ ಒಳಉಡುಪು, ಅದರ ಮೇಲೆ ಫ್ಲೀಸ್ ಎಂಬ ಮೆತ್ತನೆಯ ಬೆಚ್ಚನೆ ಬಟ್ಟೆಯ ಅಂಗಿ, ಎಲ್ಲಕ್ಕೂ ಹೊರಗೆ ನೀರು ಇಳಿಯದ ಜಾಕೆಟ್ ಮತ್ತು ಪ್ಯಾಂಟ್ ಇರಬೇಕು. ಕಾಲುಚೀಲ ಉಣ್ಣೆಯದೇ ಆಗಿರಲಿ, ಒಂದೇ ಜೊತೆ ಸಾಕು; ಎರಡು ಜೊತೆ ಹಾಕಿದರೆ ಬೂಟಿನೊಳಗೆ ಪಾದ ಬಿಗಿದು ರಕ್ತಸಂಚಾರ ಕುಗ್ಗಿ ಚಳಿ ಹೆಚ್ಚಾಗುತ್ತದೆ. ನಮ್ಮ ಬೇಸಿಗೆಯ ಬಿಸಿಲನ್ನು ಕಂಡವರು ಚಳಿಗಾಲದ ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ಹೊಸ ಹಿಮವು ನೇರಳಾತೀತ ಕಿರಣಗಳಲ್ಲಿ ಶೇಕಡಾ 80ರಷ್ಟನ್ನು ಹಿಂದಕ್ಕೆ ಹೊಳೆಯಿಸುವುದರಿಂದ ಗದ್ದದ ಅಡಿಭಾಗವೂ ಸುಡುತ್ತದೆ. ಗಾಗಲ್ಸ್ ಮತ್ತು ಸನ್‌ಸ್ಕ್ರೀನ್ ಎರಡನ್ನೂ ಮರೆಯಬೇಡಿ.

ಬಾಡಿಗೆ ಅಂಗಡಿಯಲ್ಲಿ ಬೋರ್ಡಿಗಿಂತ ಬೂಟಿಗೆ ಹೆಚ್ಚು ಸಮಯ ಕೊಡಿ. ನೇರವಾಗಿ ನಿಂತಾಗ ಕಾಲ್ಬೆರಳು ಬೂಟಿನ ತುದಿಗೆ ಹಗುರವಾಗಿ ತಾಗಬೇಕು, ಮೊಣಕಾಲು ಬಗ್ಗಿಸಿದಾಗ ಸ್ವಲ್ಪ ಹಿಂದಕ್ಕೆ ಸರಿಯಬೇಕು, ಹಿಮ್ಮಡಿ ಮಾತ್ರ ಯಾವ ಸ್ಥಿತಿಯಲ್ಲೂ ಮೇಲೇಳಬಾರದು. ಹಿಮ್ಮಡಿ ಎದ್ದರೆ ನೀವು ಒತ್ತುವ ಒತ್ತಡ ಅಂಚಿಗೆ ತಲುಪುವುದಿಲ್ಲ. ಬೋರ್ಡನ್ನು ನೆಟ್ಟಗೆ ನಿಲ್ಲಿಸಿದಾಗ ಗದ್ದಕ್ಕೂ ಮೂಗಿಗೂ ನಡುವೆ ಬರುವ ಉದ್ದ ಸಾಮಾನ್ಯವಾಗಿ ಹೊಂದುತ್ತದೆ, ಆದರೂ ಎತ್ತರಕ್ಕಿಂತ ದೇಹದ ತೂಕವನ್ನು ಹೇಳಿ ಆರಿಸಿಕೊಳ್ಳುವುದೇ ಸರಿ. ಕಲಿಯುವವರಿಗೆ ಮೆದುವಾಗಿ ಬಾಗುವ ಬೋರ್ಡ್ ಒಳ್ಳೆಯದು. ಯಾವ ಕಾಲು ಮುಂದಿರಬೇಕೆಂದು ಊರಲ್ಲೇ ತಿಳಿದುಕೊಳ್ಳಬಹುದು: ನುಣುಪಾದ ಕಡಪಾ ಕಲ್ಲಿನ ನೆಲದ ಮೇಲೆ ಕಾಲುಚೀಲ ಹಾಕಿಕೊಂಡು ಎರಡು ಹೆಜ್ಜೆ ಓಡಿ ಜಾರಿ ನೋಡಿ, ತಾನಾಗಿ ಮುಂದೆ ಬಂದ ಕಾಲೇ ಬೋರ್ಡಿನ ಮೇಲೂ ಮುಂದಿರಲಿ. ಎಡಗಾಲು ಮುಂದಿದ್ದರೆ ಅದನ್ನು ರೆಗ್ಯುಲರ್ ಎಂದೂ ಬಲಗಾಲು ಮುಂದಿದ್ದರೆ ಗೂಫಿ ಎಂದೂ ಕರೆಯುತ್ತಾರೆ. ಬೂಟನ್ನು ಬೋರ್ಡಿಗೆ ಬಿಗಿಯುವ ಪಟ್ಟಿಗಳುಳ್ಳ ಎರಡು ಬೈಂಡಿಂಗ್‌ಗಳನ್ನೂ ಸುಮಾರು 15 ಡಿಗ್ರಿಯಷ್ಟು ಹೊರಮುಖವಾಗಿ ತಿರುಗಿಸಿ ಕೂರಿಸಲು ಅಂಗಡಿಯವರಿಗೆ ಹೇಳಿ.

ಹೆಲ್ಮೆಟ್ ಕಡ್ಡಾಯವೆಂದೇ ತಿಳಿಯಿರಿ. ಅದರಷ್ಟೇ ಮುಖ್ಯವಾದದ್ದು ಮಣಿಕಟ್ಟಿನ ಗಾರ್ಡ್. ಎರಡೂ ಪಾದಗಳು ಒಂದೇ ಹಲಗೆಗೆ ಬಿಗಿದಿರುವುದರಿಂದ ಬೀಳುವಾಗ ಕಾಲನ್ನು ಮುಂದಿಟ್ಟು ತಡೆಯುವ ಅವಕಾಶವೇ ಇಲ್ಲ, ಕೈ ತಾನಾಗಿ ಚಾಚಿಕೊಳ್ಳುತ್ತದೆ. ಹೊಸಬರಿಗೆ ಅತಿ ಹೆಚ್ಚು ಪೆಟ್ಟಾಗುವುದು ಈ ಕಾರಣದಿಂದ ಮಣಿಕಟ್ಟಿಗೇ. ಬಾಡಿಗೆ ಅಂಗಡಿಯಲ್ಲಿ ಗಾರ್ಡ್ ಸಿಗದಿರಬಹುದು, ಆದ್ದರಿಂದ ರೋಲರ್ ಸ್ಕೇಟಿಂಗ್ ಮಾಡುವವರು ಹಾಕುವಂಥದ್ದನ್ನು ನಮ್ಮೂರಿನ ಕ್ರೀಡಾಸಾಮಗ್ರಿ ಅಂಗಡಿಯಲ್ಲೇ ಕೊಂಡುಕೊಳ್ಳಿ.

ಹಿಮದ ಮೇಲೆ ಮೊದಲ ಗಂಟೆಯನ್ನು ಮುಂಗಾಲನ್ನಷ್ಟೇ ಬಿಗಿದುಕೊಂಡು ಸಪಾಟು ಜಾಗದಲ್ಲಿ ಕಳೆಯಬೇಕು. ಬೂಟಿನ ಅಡಿಗೆ ಅಂಟಿದ ಹಿಮವನ್ನು ಕೆರೆದು ತೆಗೆದ ಮೇಲೆಯೇ ಪಾದವನ್ನು ಬೈಂಡಿಂಗ್‌ನೊಳಗಿಟ್ಟು, ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ ಹಿಡಿದು, ಮೊದಲು ಪಾದದ ಕಣಕಾಲಿನ ಪಟ್ಟಿಯನ್ನೂ ನಂತರ ಬೆರಳಿನ ಪಟ್ಟಿಯನ್ನೂ ಬಿಗಿಯಿರಿ. ಹಿಂಗಾಲಿನಿಂದ ತಳ್ಳುತ್ತ ಮುಂದೆ ಸಾಗುವುದು, ತಳ್ಳಿದ ಕಾಲನ್ನು ಬೋರ್ಡಿನ ಮೇಲಿಟ್ಟು ನಾಲ್ಕಾರು ಅಡಿ ಜಾರುವುದು ಇಷ್ಟೇ ಆಗಿನ ಪಾಠ. ಬೀಳುವುದನ್ನೂ ಆಗಲೇ ಕಲಿಯಬೇಕು: ಮುಂದಕ್ಕೆ ಬೀಳುವಾಗ ಮುಷ್ಟಿ ಬಿಗಿದು ಮೊಣಕಾಲು, ಮುಂಗೈಗಳ ಮೇಲೆ ಭಾರ ಹಂಚಿ, ಹಿಂದಕ್ಕೆ ಬೀಳುವಾಗ ಗದ್ದವನ್ನು ಎದೆಗೆ ಒತ್ತಿ, ಕೆಳಗೆ ಕೂರುವಂತೆ ಕುಸಿದು ಬೆನ್ನಿನ ಮೇಲೆ ಉರುಳಿ, ಕೈಗಳನ್ನು ಮಾತ್ರ ಹಿಂದೆ ಊರಬೇಡಿ. ಸೌಮ್ಯ ಇಳಿಜಾರಿನಲ್ಲಿ ಕುಳಿತಲ್ಲಿಂದ ಏಳಲು ಆಗದಿದ್ದರೆ ಹೊಟ್ಟೆಯ ಕಡೆಗೆ ಹೊರಳಿ, ಮೊಣಕಾಲೂರಿ, ಗುಡ್ಡಕ್ಕೆ ಮುಖಮಾಡಿ ಬೆರಳಿನ ಅಂಚಿನ (ಬೋರ್ಡಿನ ಕಾಲ್ಬೆರಳ ಕಡೆಯ ಅಂಚಿನ) ಮೇಲೆ ಎದ್ದು ನಿಲ್ಲಿ. ಇದು ಬಹಳ ಸುಲಭ.

ಇನ್ನು ಅಂಚಿನ ಪಾಠ. ಎರಡೂ ಕಾಲು ಬಿಗಿದುಕೊಂಡು, ಬೋರ್ಡನ್ನು ಇಳಿಜಾರಿಗೆ ಅಡ್ಡವಾಗಿಟ್ಟು, ಕಣಿವೆಯ ಕಡೆ ಮುಖಮಾಡಿ ಹಿಮ್ಮಡಿಯ ಅಂಚಿನ ಮೇಲೆ ನಿಲ್ಲಿ. ಕಾಲ್ಬೆರಳುಗಳನ್ನು ಸ್ವಲ್ಪ ಮೇಲೆತ್ತಿದರೆ ಬೋರ್ಡ್ ನಿಲ್ಲುತ್ತದೆ, ತುಸು ಇಳಿಸಿದರೆ ಅಡ್ಡಡ್ಡವಾಗಿಯೇ ಕೆಳಕ್ಕೆ ಸರಿಯುತ್ತದೆ. ಎರೆ ಹೊಲದಲ್ಲಿ ಕುಂಟೆ ಹೊಡೆಯುವಾಗ ಭಾರ ಹೆಚ್ಚಾದರೆ ಕುಡ ಆಳಕ್ಕಿಳಿದು ಎತ್ತು ನಿಲ್ಲುವುದನ್ನೂ, ಭಾರ ಕಡಿಮೆಯಾದರೆ ಕುಡ ಮೇಲ್ಮಣ್ಣನ್ನಷ್ಟೇ ಸವರಿ ಹೋಗುವುದನ್ನೂ ಕಂಡವರಿಗೆ ಈ ಒತ್ತಡದ ಲೆಕ್ಕ ಬೇಗ ಹಿಡಿಯುತ್ತದೆ. ಹತ್ತು ಅಡಿ ಸರಿದು ನಿಲ್ಲಿ, ಮತ್ತೆ ಸರಿಯಿರಿ, ಮತ್ತೆ ನಿಲ್ಲಿ. ಇದು ಬೇಸರದ ಅಭ್ಯಾಸವೆಂದು ಬಿಟ್ಟು ಮುಂದೆ ಹೋಗುವವರೇ ಹೆಚ್ಚು, ಅದಕ್ಕಾಗಿಯೇ ಇದನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಏಕೆಂದರೆ ಹೊಸಬರ ಕೆಟ್ಟ ಬೀಳುವಿಕೆಗಳಿಗೆಲ್ಲ ಮುಖ್ಯ ಕಾರಣ ಕೆಳಗಿನ ಅಂಚು ಹಿಮಕ್ಕೆ ಸಿಕ್ಕಿಕೊಳ್ಳುವುದು. ಬೋರ್ಡ್ ಅಡ್ಡವಾಗಿ ಸರಿಯುತ್ತಿರುವಾಗ ಗುಡ್ಡದ ಕಡೆಯ ಅಂಚು ಮಾತ್ರ ಹಿಮವನ್ನು ಕಚ್ಚಿರಬೇಕು, ಕಣಿವೆಯ ಕಡೆಯದು ಕೂದಲೆಳೆಯಷ್ಟಾದರೂ ಮೇಲೆದ್ದಿರಬೇಕು. ದಣಿವಿನಿಂದಲೋ ಅತ್ತಿತ್ತ ನೋಡಿದ್ದರಿಂದಲೋ ಪಾದ ಸಪಾಟಾದರೆ ಕೆಳಗಿನ ಅಂಚು ಸಿಕ್ಕಿಕೊಂಡು ಬೋರ್ಡ್ ತಟ್ಟನೆ ನಿಲ್ಲುತ್ತದೆ, ದೇಹ ಮಾತ್ರ ಅದೇ ವೇಗದಲ್ಲಿ ಕಣಿವೆಯ ಕಡೆಗೆ ಅಪ್ಪಳಿಸುತ್ತದೆ. ಹಿಮ್ಮಡಿಯ ಅಂಚಿನ ಮೇಲಿದ್ದವರು ಮುಂದಕ್ಕೆ ಬೀಳುತ್ತಾರೆ; ಬೆರಳಿನ ಅಂಚಿನ ಮೇಲಿದ್ದವರು ಹಿಂದಕ್ಕೆ ಬಿದ್ದು ತಲೆಗೆ ಪೆಟ್ಟು ಮಾಡಿಕೊಳ್ಳುತ್ತಾರೆ.

ಹಿಮ್ಮಡಿಯ ಅಂಚು ಕೈವಶವಾದ ಮೇಲೆ ಭಾರವನ್ನು ಒಮ್ಮೆ ಎಡಗಾಲಿಗೆ, ಒಮ್ಮೆ ಬಲಗಾಲಿಗೆ ವರ್ಗಾಯಿಸುತ್ತ ಓರೆಯಾಗಿ ಆ ಬದಿಗೂ ಈ ಬದಿಗೂ ತೇಲುವುದನ್ನು ಅಭ್ಯಾಸ ಮಾಡಿ, ನಂತರ ಗುಡ್ಡಕ್ಕೆ ಮುಖಮಾಡಿ ಬೆರಳಿನ ಅಂಚಿನ ಮೇಲೂ ಅದನ್ನೇ ಮಾಡಿ. ತಿರುವು ಬರುವುದು ಆಮೇಲೆ. ಒಂದು ಅಂಚಿನಿಂದ ಇನ್ನೊಂದಕ್ಕೆ ಬದಲಾಗುವಾಗ ಬೋರ್ಡಿನ ಮೂತಿ ಒಂದೆರಡು ಕ್ಷಣ ನೇರವಾಗಿ ಕೆಳಕ್ಕೆ ತಿರುಗುತ್ತದೆ. ಆಗ ಭಯದಿಂದ ದೇಹ ಹಿಂದಕ್ಕೆ ವಾಲುತ್ತದೆ, ಹಿಂದಕ್ಕೆ ವಾಲಿದರೆ ಮುಂಭಾಗ ಹಗುರಾಗಿ ಬೋರ್ಡ್ ತಿರುಗದೆ ವೇಗವಷ್ಟೇ ಏರುತ್ತದೆ. ಭಾರವನ್ನು ಮುಂಗಾಲಿನ ಮೇಲೆ ಧೈರ್ಯವಾಗಿ ಇಟ್ಟು, ಕಾಲ ಬುಡವನ್ನು ನೋಡದೆ ಹೋಗಬೇಕಾದ ಕಡೆಗೆ ಕಣ್ಣನ್ನೂ ಭುಜವನ್ನೂ ತಿರುಗಿಸಿದರೆ ಬೋರ್ಡ್ ಹಿಂಬಾಲಿಸುತ್ತದೆ. ಈ ಹಂತಕ್ಕೆ ತರಬೇತುದಾರರ ನೆರವು ನಿಜವಾಗಿ ಬೇಕಾಗುತ್ತದೆ. ಪ್ರತಿ ಪಾದಕ್ಕೂ ಬೇರೆ ಬೇರೆ ಪಟ್ಟಿ ಕಟ್ಟಿಕೊಂಡು ಜಾರುವ ಸ್ಕೀ ಕಲಿಸುವವರೆಲ್ಲರೂ ಸ್ನೋಬೋರ್ಡ್ ಕಲಿಸುವವರಲ್ಲವಾದ್ದರಿಂದ ಮೊದಲೇ ಕೇಳಿ ಗೊತ್ತುಮಾಡಿಕೊಳ್ಳಿ.

ಇಳಿಜಾರಿನಲ್ಲಿ ನಿಮಗಿಂತ ಕೆಳಗಿರುವವರಿಗೆ ಮೊದಲ ಹಕ್ಕು, ಅವರನ್ನು ತಪ್ಪಿಸಿ ಹೋಗುವುದು ಮೇಲಿನಿಂದ ಬರುವವರ ಹೊಣೆ. ವಿಶ್ರಾಂತಿಗೆ ದಾರಿಯ ಅಂಚಿನಲ್ಲಿ, ಮೇಲಿನವರಿಗೆ ಕಾಣುವಂತೆ ಕೂರಬೇಕು. ಗುಲ್ಮಾರ್ಗ್ ಗೊಂಡೋಲಾದ, ಅಂದರೆ ತಂತಿಯ ಮೇಲೆ ಸಾಗುವ ಕೇಬಲ್ ಕಾರಿನ, ಎರಡನೆಯ ಹಂತ 3,900 ಮೀಟರಿಗೂ ಮೇಲೆ ಅಫರ್ವಾಟ್ ಪರ್ವತದ ಕಡೆಗೆ ಒಯ್ಯುತ್ತದೆ. ಅಲ್ಲಿನ ಇಳಿಜಾರುಗಳು ಕಡಿದಾದವು, ಹಿಮಕುಸಿತದ ಅಪಾಯವುಳ್ಳವು, ಕಲಿಯುವವರು ಬೋರ್ಡ್ ಹಿಡಿದು ಹೋಗತಕ್ಕ ಜಾಗವೇ ಅಲ್ಲ. ಎರಡೂ ಅಂಚುಗಳ ಮೇಲೆ ನೀವೇ ಗುರುತಿಟ್ಟ ಜಾಗದಲ್ಲಿ ನಿಲ್ಲಲು ಬರುವವರೆಗೆ ಕೆಳಗಿನ ಬಯಲಿನ ಸೌಮ್ಯ ಇಳಿಜಾರುಗಳನ್ನು ಬಿಡಬೇಡಿ.

ಮಧ್ಯಾಹ್ನದ ಮೇಲೆ ತೊಡೆ ನಡುಗಲು ಆರಂಭವಾದರೆ ಆ ದಿನದ ಕಲಿಕೆಯನ್ನು ಅಲ್ಲಿಗೇ ನಿಲ್ಲಿಸಿ. ಬಿದ್ದ ಮೇಲೆ ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಬಳಿ ನೋವು ಉಳಿದರೆ ಊತ ಕಾಣದಿದ್ದರೂ ಅದು ಉಳುಕೇ ಎಂದು ತೀರ್ಮಾನಿಸಬೇಡಿ. ಅಲ್ಲಿನ ಚಿಕ್ಕ ಮೂಳೆಯ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದಾದ್ದರಿಂದ, ಶ್ರೀನಗರದಲ್ಲೇ ಒಮ್ಮೆ ವೈದ್ಯರಿಗೆ ತೋರಿಸಿ, ನೋವು ಇಳಿಯದಿದ್ದರೆ ಊರಿಗೆ ಬಂದ ಮೇಲೆ ಮೂಳೆ ವೈದ್ಯರ ಬಳಿ ಮತ್ತೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ.