ಎಳೆಯಬೇಡಿ, ಕಾಣೆ ಮೀನು ತಾನೇ ಎಳೆಯುತ್ತದೆ

ತಂಗಿಯ ಮಗ ಅಮೆರಿಕದ ಮಿಸೌರಿಯಿಂದ ಒಂದು ವಿಡಿಯೋ ಕಳುಹಿಸಿದ್ದ. ದೋಣಿಯ ಹುಟ್ಟಿನಂತಹ ಮೂತಿಯ ಪ್ಯಾಡಲ್‌ಫಿಶ್ ಎಂಬ ಮೀನು ವಸಂತದಲ್ಲಿ ಮೊಟ್ಟೆಯಿಡಲು ಹೊಳೆಯೇರುತ್ತದೆ. ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವ ಅದು ಎರೆಯನ್ನು ಮೂಸುವುದೇ ಇಲ್ಲ. ಅದಕ್ಕೇ ಮೂರು ಮೊನೆಯ ಬರಿಗಾಳವನ್ನು ಜಗ್ಗಿ ಜಗ್ಗಿ ಅದರ ಮೈಗೆ ಸಿಕ್ಕಿಸುತ್ತಾರೆ. ಅಲ್ಲಿ ಬಹುತೇಕ ಕಡೆ ಮಾರ್ಚ್ 15ರಿಂದ ಏಪ್ರಿಲ್ 30ರವರೆಗೆ ಅನುಮತಿ, ದಿನಕ್ಕೆ ಎರಡೇ ಮೀನು. ‘ನಮ್ಮ ಕಾಸರಗೋಡಿನ ಶಿರಿಯ ಹೊಳೆಯಲ್ಲಿ ಹೀಗೆ ಮಾಡಿ ನೋಡಿ ಮಾವ’ ಎಂದ. ಮಾಡಿದರೆ ಸಿಕ್ಕುವುದು ದಡದ ಕಾಂಡ್ಲದ (ಮ್ಯಾಂಗ್ರೋವ್) ಬೇರು, ಕಾಣೆಯಲ್ಲ.

ಮಳೆಗಾಲದ ಕೆಂಪು ನೀರು ಇಳಿದು ಅಳಿವೆಗೆ ಉಪ್ಪು ಮರಳಬೇಕು. ನವೆಂಬರಿನಿಂದ ಫೆಬ್ರವರಿಯವರೆಗೆ ನಾನು ಕಾಣೆ ಹಿಡಿಯಲು ಹೋಗುತ್ತೇನೆ. ಕಡಲಿನ ಇಳಿತ ಮುಗಿದು ಹೊಸ ನೀರು ಏರತೊಡಗಿದ ಮೊದಲ ಎರಡು ಗಂಟೆ ಸಾಕು. ಈ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ನಿನ್ನೆಯ ಗಂಟೆಗೇ ಹೋಗಿ ಕುಳಿತು ಹೊಳೆಯನ್ನು ಬೈಯುವವರನ್ನು ಕಂಡಿದ್ದೇನೆ.

ಕೋಲು ಬೇಡ. ತೆಳು ತಂಗೂಸಿ (ನೈಲಾನ್ ದಾರ), ತೂತುಳ್ಳ ಸೀಸದ ಗುಂಡು, ಅದರ ಕೆಳಗೆ ಒಂದು ಗೇಣಿನಷ್ಟು ಬಿಟ್ಟು ಸಣ್ಣ ಗಾಳ. ಗುಂಡು ತಂಗೂಸಿಯಲ್ಲಿ ಜಾರುವಂತಿರಲಿ. ಬಿಗಿದು ಕಟ್ಟಿದರೆ ಮೀನಿಗೆ ಮೊದಲು ತಿಳಿಯುವುದು ಭಾರ. ಕಾಣೆಯ ಬಾಯಿ ಚಿಕ್ಕದು, ಆದ್ದರಿಂದ ದೊಡ್ಡ ಗಾಳ ದಂಡ. ಎರೆಗೆ ಸಿಪ್ಪೆ ಸುಲಿದ ಸೀಗಡಿಯ ಚೂರು, ಅದಕ್ಕಿಂತ ಒಳ್ಳೆಯದು ಇಳಿತದಲ್ಲಿ ಅಗೆದು ತೆಗೆದ ಮರಳ ಹುಳು. ಕೆಸರಿನ ಕಡೆಗಲ್ಲ, ಮರಳು ಇಳಿಜಾರಾಗುವಲ್ಲಿಗೆ ಎಸೆಯಿರಿ. ನೀರಿಗಿಳಿದು ಓಡಾಡಬೇಡಿ. ಬೆದರಿದ ಕಾಣೆ ಮರಳಿನೊಳಗೆ ಹೂತುಕೊಂಡು ಬಿಡುತ್ತದೆ.

ಇನ್ನು ಎಲ್ಲವೂ ತೋರುಬೆರಳಿನ ಕೆಲಸ. ತಂಗೂಸಿಯನ್ನು ಬೆರಳ ಮೇಲೆ ಹಾಯಿಸಿ, ಸಡಿಲವೂ ಅಲ್ಲದ ಬಿಗಿಯೂ ಅಲ್ಲದ ಹದದಲ್ಲಿ ಹಿಡಿಯಿರಿ. ಮೊದಲು ಟಕ್, ಟಕ್ ಎಂದು ಎರಡು ಸಣ್ಣ ಮಿಡಿತ. ಅದು ರುಚಿ ನೋಡುವುದು, ಏಡಿಯೂ ಇರಬಹುದು. ಏಡಿಯಾದರೆ ಕೆರೆಯುತ್ತಲೇ ಇರುತ್ತದೆ. ಕಾಣೆಯಾದರೆ ಒಂದು ಗಳಿಗೆ ಬಿಟ್ಟು ಒಂದೇ ದಿಕ್ಕಿಗೆ ನೇರವಾಗಿ ಒಯ್ಯುತ್ತದೆ. ಆಗ ಮಣಿಕಟ್ಟನ್ನಷ್ಟೇ ಎತ್ತಿ, ಬಿಡದೆ ಸುತ್ತಿಕೊಳ್ಳಿ. ತೋಳು ಬೀಸಿದರೆ ಮೃದು ತುಟಿ ಹರಿದು ಗಾಳ ಬರಿದಾಗಿ ಬರುತ್ತದೆ. ಮೂವತ್ತು ವರ್ಷ ಗಣಿತ ಕಲಿಸಿದ ನನಗೂ ಮಿಡಿತದ ನಂತರ ‘ಒಂದು, ಎರಡು’ ಎಣಿಸುವ ತಾಳ್ಮೆ ಇರಲಿಲ್ಲ. ಕೊನೆಗೆ ನನ್ನ ಸೋದರಮಾವ ಬೈರಾಸಿನಿಂದ (ಹೆಗಲ ಟವೆಲಿನಿಂದ) ನನ್ನ ಮೊಣಕೈಯನ್ನು ಪಕ್ಕೆಗೆ ಕಟ್ಟಿ ಕೂರಿಸಿದರು. ಅಂದು ಐದು ಕಾಣೆ ಸಿಕ್ಕಿದವು. ದಾರಿಯಲ್ಲಿ ಕಂಡವರೆಲ್ಲ ಕೈಗೆ ಏನಾಯಿತೆಂದು ಕೇಳಿದ್ದು ಬೇರೆ.

ಗಾಳ ಬಿಡಿಸುವಾಗ ಕಿವಿರಿನ ಮುಚ್ಚಳದ ಮುಳ್ಳು ನೋಡಿಕೊಳ್ಳಿ, ಒದ್ದೆ ಬಟ್ಟೆಯಲ್ಲಿ ಹಿಡಿಯಿರಿ. ಗೇಣಿಗಿಂತ ಚಿಕ್ಕದನ್ನು ನಾನು ನೀರಿಗೇ ಬಿಡುತ್ತೇನೆ. ರವೆ ಹಚ್ಚಿ ಹುರಿಯುವ ಬಗ್ಗೆ ನಮ್ಮೂರಿನವರಿಗೆ ಹೇಳಿಕೊಡಬೇಕಾಗಿಲ್ಲ.

ಕಳೆದ ಡಿಸೆಂಬರಿನಲ್ಲಿ ಅಳಿಯ ಊರಿಗೆ ಬಂದಿದ್ದ. ಮಿಸೌರಿಯ ಅಭ್ಯಾಸದಲ್ಲಿ ತೋಳು ಬೀಸಿ ಬೀಸಿ ಮೂರು ಕಾಣೆ ಕಳೆದುಕೊಂಡ. ನಾನು ಹೆಗಲಿನಿಂದ ಬೈರಾಸು ತೆಗೆದೆ.